ಗೆರೆಯಾಚೆಯಿಂದ ಗೋಲ್‌ಕೀಪರ್: ದೂರದ ಆಟಕ್ಕೆ ನಾನು ಕ್ಯಾಮೆರಾ ಆರಿಸಿಕೊಂಡ ಬಗೆ

ನನ್ನ ಮಗಳು ಅವಳ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಮೊದಲ ವರ್ಷ ಅವಳ ಆಟವನ್ನೆಲ್ಲ ಫೋನಿನಲ್ಲೇ ಹಿಡಿದೆ. ಮನೆಗೆ ಬಂದು ತೋರಿಸಿದರೆ, "ಅಮ್ಮಾ, ಇದರಲ್ಲಿ ನಾನೆಲ್ಲಿ?" ಎಂದು ಬೆರಳಿನಿಂದ ಪರದೆ ಹಿಗ್ಗಿಸುತ್ತಿದ್ದಳು. ಹಿಗ್ಗಿಸಿದಷ್ಟೂ ಮುಖ ಕರಗಿ ಬಣ್ಣದ ಚುಕ್ಕೆಗಳಾಗುತ್ತಿತ್ತು. ಅವಳು ಪೂರಾ ಮೈಚಾಚಿ ಹಾರಿ ತಡೆದ ಒಂದು ಚೆಂಡಿನ ಚಿತ್ರ ನನ್ನ ಬಳಿ ಇಲ್ಲವೇ ಇಲ್ಲ. ಆ ಕೊರಗಿನಲ್ಲೇ ಕ್ಯಾಮೆರಾ ಹುಡುಕಲು ಹೊರಟೆ.

ಕೈಯಲ್ಲಿದ್ದ ಹಣ ಕಡಿಮೆ. ಹಾಗಾಗಿ ಎಲ್ಲರಂತೆ ನಾನೂ ಮೊದಲು ನೋಡಿದ್ದು ಜೂಮ್ ಎಷ್ಟು ಪಟ್ಟು ಎನ್ನುವುದನ್ನು. 60 ಪಟ್ಟು ಜೂಮ್ ಇರುವ, ಲೆನ್ಸ್ ಬದಲಾಯಿಸಲು ಬಾರದ ಒಂದು ಬ್ರಿಜ್ ಕ್ಯಾಮೆರಾ ಕೊಂಡೆ. ಮೈದಾನದ ಆಚೆ ತುದಿಯಲ್ಲಿ ಕೂತವರ ಅಂಗಿಯ ಗುಂಡಿ ಕಾಣಿಸುವಷ್ಟು ಹತ್ತಿರ ಎಳೆಯುತ್ತಿತ್ತು ಅದು. ಆದರೆ ಕೂತವರಿಗೆ ಮಾತ್ರ. ಮಗಳು ಹಾರಿದಳೆಂದರೆ ಫೋಕಸ್ ಮುಂದಕ್ಕೂ ಹಿಂದಕ್ಕೂ ತಡಕಾಡಿ, ಅವಳು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಳ್ಳುವ ಹೊತ್ತಿಗೆ ಕ್ಲಿಕ್ ಆಗುತ್ತಿತ್ತು. ಸಂಜೆಯಾದರಂತೂ ಚಿತ್ರದ ತುಂಬ ಮರಳು ಎರಚಿದಂತೆ ಕಾಣುತ್ತಿತ್ತು.

ಏಕೆ ಹೀಗೆ ಎಂದು ತಿಳಿಯಲು ನನಗೆ ಒಂದು ಸೀಸನ್ ಪೂರ್ತಿ ಹಿಡಿಯಿತು. ಅಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳಲ್ಲಿ ಬೆಳಕು ಹಿಡಿಯುವ ಚಿಪ್ಪಿನ, ಅಂದರೆ ಸೆನ್ಸರಿನ, ಅಳತೆ ಸುಮಾರು 6.2 x 4.6 ಮಿ.ಮೀ. ಮಾತ್ರ. ಎಪಿಎಸ್-ಸಿ ಎನ್ನುವ, ಲೆನ್ಸ್ ಬದಲಾಯಿಸಬಹುದಾದ, ಒಳಗೆ ಕನ್ನಡಿಯಿರುವ ಸಾಧಾರಣ ಡಿಎಸ್‌ಎಲ್‌ಆರ್‌ಗಳಲ್ಲಿರುವ ಸೆನ್ಸರ್ ಸುಮಾರು 23.5 x 15.6 ಮಿ.ಮೀ. ವಿಸ್ತೀರ್ಣ ಲೆಕ್ಕ ಹಾಕಿದರೆ ಹನ್ನೆರಡು ಪಟ್ಟಿಗೂ ಮಿಗಿಲು. ಚಿಕ್ಕ ಸೆನ್ಸರ್ ಇರುವುದರಿಂದಲೇ ಅಷ್ಟು ಪುಟ್ಟ ಲೆನ್ಸಿನಲ್ಲಿ ಅಷ್ಟು ದೊಡ್ಡ ಜೂಮ್ ಸಾಧ್ಯ. ಅದೇ ಚಿಕ್ಕ ಸೆನ್ಸರ್ ಬೆಳಕನ್ನು ಕಡಿಮೆ ಹಿಡಿಯುತ್ತದೆ. ಜೊತೆಗೆ ಅಗ್ಗದ ಬ್ರಿಜ್ ಕ್ಯಾಮೆರಾಗಳು ಫೋಕಸ್ ಮಾಡುವುದು ಚಿತ್ರದ ಸ್ಪಷ್ಟತೆ ಹೆಚ್ಚಿತೇ ಕಡಿಮೆಯಾಯಿತೇ ಎಂದು ಲೆನ್ಸನ್ನು ಆಡಿಸಿ ನೋಡುತ್ತಾ. ಫೇಸ್ ಡಿಟೆಕ್ಷನ್ (phase; ಮುಖ ಗುರುತಿಸುವುದಲ್ಲ, ಫೋಕಸ್ ಮಾಡುವ ಇನ್ನೊಂದು ಬಗೆ) ಇರುವ ಕ್ಯಾಮೆರಾಕ್ಕೆ ಯಾವ ಕಡೆಗೆ, ಎಷ್ಟು ತಿರುಗಬೇಕು ಎಂದು ಒಂದೇ ನೋಟದಲ್ಲಿ ತಿಳಿಯುತ್ತದೆ. ಓಡುವವರ ಚಿತ್ರಕ್ಕೆ ಈ ವ್ಯತ್ಯಾಸವೇ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೇ ಸಲ ಕೊಳ್ಳುವ ಮುಂಚೆ ಮೈದಾನ ಅಳೆದೆ. ಪರಿಚಯದ ಹಿರಿಯ ಛಾಯಾಗ್ರಾಹಕರೊಬ್ಬರು, "ಲೆನ್ಸ್ ಆಮೇಲೆ ನೋಡಿ, ಮೊದಲು ಎಲ್ಲಿ ನಿಲ್ತೀರಿ ಹೇಳಿ" ಅಂದರು. ಆ ಮಾತು ಕೇಳಿದ ಮೇಲೆ ಕಾಗದ, ಪೆನ್ನು ತೆಗೆದುಕೊಂಡು ಕೂತೆ. ದೊಡ್ಡವರ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ನಾನು ಅದುವರೆಗೆ ನಿಲ್ಲುತ್ತಿದ್ದದ್ದು ಪಕ್ಕದ ಗೆರೆಯ ನಟ್ಟನಡುವೆ, ಮಧ್ಯರೇಖೆಯ ನೇರಕ್ಕೆ. ಅಲ್ಲಿಂದ ಗೋಲಿನ ನಡುವಿಗೆ ಸುಮಾರು 62 ಮೀಟರ್. ಅದೇ ಗೆರೆಯಲ್ಲಿ ನಡೆದು ಪೆನಾಲ್ಟಿ ಏರಿಯಾದ ಅಂಚಿನ ನೇರಕ್ಕೆ ಬಂದರೆ ಉಳಿಯುವುದು 38 ಮೀಟರ್. ನಲವತ್ತು ಹೆಜ್ಜೆ ನಡೆದದ್ದಕ್ಕೆ ದೂರ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಡಿಮೆಯಾಯಿತು, ಒಂದು ಕಾಸೂ ಖರ್ಚಿಲ್ಲದೆ.

ಮುಂದಿನ ಲೆಕ್ಕವೂ ಸುಲಭ. ಸೆನ್ಸರಿನ ಎತ್ತರವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ) ಭಾಗಿಸಿ ದೂರದಿಂದ ಗುಣಿಸಿದರೆ, ಆ ದೂರದಲ್ಲಿ ಚೌಕಟ್ಟಿನೊಳಗೆ ಎಷ್ಟು ಎತ್ತರ ಹಿಡಿಸುತ್ತದೆ ಎಂದು ಸಿಗುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 300 ಮಿ.ಮೀ. ಲೆನ್ಸ್ ಹಾಕಿ 62 ಮೀಟರಿನಿಂದ ತೆಗೆದರೆ ಸುಮಾರು 3.2 ಮೀಟರ್, ನನ್ನ ಮಗಳು ಅದರಲ್ಲಿ ಅರ್ಧ ತುಂಬುತ್ತಾಳೆ. 38 ಮೀಟರಿನಿಂದಾದರೆ 2 ಮೀಟರಿಗೂ ಸ್ವಲ್ಪ ಕಡಿಮೆ, ಅಂದರೆ ಚೌಕಟ್ಟಿನ ತುಂಬ ಅವಳೇ. ಅವಳು ಅಡ್ಡ ಹಾರಿದಾಗ ಕೈಬೆರಳು ಆಚೆ ಹೋಗದಿರಲು ಅಲ್ಲಿ 200ಕ್ಕೆ ಇಳಿಸುವುದೇ ಮೇಲು. ಹೀಗೆ ಬರೆದು ನೋಡಿದಾಗ 60 ಪಟ್ಟು ಜೂಮ್ ನನಗೆ ಎಂದೂ ಬೇಕಾಗಿರಲಿಲ್ಲ ಎಂದು ಗೊತ್ತಾಯಿತು. ನನಗೆ ಬೇಕಿದ್ದದ್ದು 70-300 ಮಿ.ಮೀ. ಲೆನ್ಸ್, ಚುರುಕು ಫೋಕಸ್ ಮತ್ತು ನಡೆಯುವ ಕಾಲು.

ಇಲ್ಲಿ ಬೆಳಕಿನ ವಿಷಯ ಬರುತ್ತದೆ. ವೃತ್ತಿಯವರ ಕೈಯಲ್ಲಿರುವ ದಪ್ಪ ಬಿಳಿ ಲೆನ್ಸುಗಳ ಅಪರ್ಚರ್ (ಬೆಳಕು ಒಳಬರುವ ಕಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು) ಹೆಚ್ಚಾಗಿ ಎಫ್/2.8. ನನಗೆ ಎಟಕುವ ಲೆನ್ಸು ಜೂಮಿನ ತುದಿಯಲ್ಲಿ ಎಫ್/5.6. ಒಳಬರುವ ಬೆಳಕು ನಾಲ್ಕರಲ್ಲಿ ಒಂದು ಪಾಲು. ಹಾರುವ ಗೋಲ್‌ಕೀಪರನ್ನು ಅಲುಗದಂತೆ ಹಿಡಿಯಲು ಶಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಪಾಲಾದರೂ ಇರಬೇಕು. ಒಳ್ಳೆಯ ಬಿಸಿಲಿನಲ್ಲಿ ಇದಕ್ಕೆ, ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟವನ್ನು ಹೇಳುವ ಐಎಸ್‌ಒ 100 ಅಥವಾ 200 ಸಾಕು. ಮೋಡ ಮುಸುಕಿದ ಸಂಜೆ 3200 ಬೇಕು, ಇನ್ನೂ ಕತ್ತಲಾದರೆ 6400. ಈ ಸಂಖ್ಯೆ ಏರಿದಷ್ಟೂ ಚಿತ್ರದಲ್ಲಿ ಆ ಮರಳು ಹೆಚ್ಚು. ಲೆನ್ಸಿನ ಕಂಪನ ತಡೆ ಇದೆಯಲ್ಲ ಎಂದು ನಾನೂ ಮೊದಲು ಸಮಾಧಾನ ಮಾಡಿಕೊಂಡಿದ್ದೆ. ಅದು ತಡೆಯುವುದು ನನ್ನ ಕೈ ನಡುಕವನ್ನು. ಆಟಗಾರರ ಓಟಕ್ಕೆ ಅದರಿಂದ ಏನೂ ಆಗದು. ಎಫ್/2.8 ಲೆನ್ಸ್ ಕೊಳ್ಳಲಾಗದ ನನ್ನಂಥವರು 6400ರಲ್ಲೂ ಮುಖ ಗುರುತು ಸಿಗುವಂಥ ಸೆನ್ಸರನ್ನಾದರೂ ಕೊಳ್ಳಬೇಕು.

ಹೊಸದರಲ್ಲಿ ಇವೆಲ್ಲ ಒಟ್ಟಿಗೆ ನನ್ನ ಕೈಗೆ ಸಿಗುವಂತಿರಲಿಲ್ಲ, ಆದ್ದರಿಂದ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಬಂದ ಮೇಲೆ ಜನ ಮಾರುತ್ತಿರುವ ಡಿಎಸ್‌ಎಲ್‌ಆರ್‌ಗಳು ಹವ್ಯಾಸಿಗಳ ಪಾಲಿಗೆ ದೊಡ್ಡ ಉಪಕಾರ. 2014ರ ಕ್ಯಾನನ್ 7ಡಿ ಮಾರ್ಕ್ 2 ಮನಸ್ಸಿನಲ್ಲಿತ್ತು: ಸೆಕೆಂಡಿಗೆ 10 ಚಿತ್ರ, 65 ಫೋಕಸ್ ಬಿಂದು (ಚೌಕಟ್ಟಿನಲ್ಲಿ ಕ್ಯಾಮೆರಾ ಫೋಕಸ್ ಹಿಡಿಯಬಲ್ಲ ಜಾಗಗಳು), ದೀಪಗಳ ಮಿನುಗಿಗೆ ತಕ್ಕಂತೆ ಶಟರ್ ಹೊಂದಿಸುವ ಸೌಲಭ್ಯ. ರಾತ್ರಿ ದೀಪದಲ್ಲಿ ಆಡುವ ತಂಡವಾಗಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ನಮ್ಮ ಪಂದ್ಯಗಳೆಲ್ಲ ಹಗಲಿನಲ್ಲಿ, ಸಂಜೆಯಲ್ಲಿ. ಕೊನೆಗೆ 2015ರ ನಿಕಾನ್ ಡಿ7200 ತೆಗೆದುಕೊಂಡೆ. ಸೆಕೆಂಡಿಗೆ 6 ಚಿತ್ರವಷ್ಟೇ, ಆದರೆ ಫೋಕಸ್‌ಗೆ 51 ಬಿಂದುಗಳಿವೆ, ಸೆನ್ಸರ್ 24 ಮೆಗಾಪಿಕ್ಸೆಲ್. ದೂರದ ಆಟಗಾರರನ್ನು ಆಮೇಲೆ ಕತ್ತರಿಸಿ ದೊಡ್ಡದು ಮಾಡಲು ಜಾಗ ಉಳಿಯುತ್ತದೆ. ಉಳಿದ ಹಣವನ್ನೆಲ್ಲ ಲೆನ್ಸಿಗೆ ಹಾಕಿದೆ. ಬಾಡಿ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾ, ಹಳೆಯದಾಗುತ್ತದೆ, ಒಳ್ಳೆಯ ಲೆನ್ಸು ಮುಂದಿನ ಬಾಡಿಗೂ ಆಗುತ್ತದೆ.

ಕೊಳ್ಳುವಾಗ ಅವಸರ ಮಾಡಲಿಲ್ಲ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಎಣಿಕೆ ನಿಕಾನ್ ಚಿತ್ರದ ಫೈಲ್ ಒಳಗೇ ಇರುತ್ತದೆ. ಒಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ನೋಡಿದೆ. ಡಿ7200ರ ಶಟರನ್ನು 1,50,000 ಸಲದವರೆಗೆ ಪರೀಕ್ಷಿಸಿರುತ್ತಾರೆ, ನಾನು ಕೊಂಡದ್ದು ಅದರ ಮೂರರಲ್ಲೊಂದು ಭಾಗವೂ ಓಡಿರಲಿಲ್ಲ. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಇಣುಕಿದೆ: ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಎಫ್/16ರಲ್ಲಿ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಧೂಳಾದರೆ ಒರೆಸಬಹುದು, ಗೀರಾದರೆ ಬಿಟ್ಟುಬಿಡಬೇಕು. ಎಲ್ಲಕ್ಕಿಂತ ಮುಖ್ಯ, ರಸ್ತೆಯಲ್ಲಿ ನನ್ನ ಕಡೆಗೇ ಬರುತ್ತಿದ್ದ ಸೈಕಲ್ ಸವಾರರನ್ನು ಬಿಡದೆ ಹಿಂಬಾಲಿಸಿ ತೆಗೆದು ನೋಡಿದೆ. ಅಂಗಡಿಯ ಗೋಡೆಗೆ ಎಲ್ಲ ಕ್ಯಾಮೆರಾವೂ ಚೆನ್ನಾಗಿ ಫೋಕಸ್ ಆಗುತ್ತದೆ.

ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸಿ ದೂರದ್ದನ್ನು ಇನ್ನೂ ಹತ್ತಿರ ತರುವ 2 ಪಟ್ಟಿನ ಟೆಲಿಕನ್ವರ್ಟರ್ ಕೊಳ್ಳುವ ಆಸೆ ಒಮ್ಮೆ ಬಂದಿತ್ತು. ಎಫ್/5.6 ಇದ್ದದ್ದು ಅದರಿಂದ ಎಫ್/11 ಆಗುತ್ತದೆ, ಆಟೋಫೋಕಸ್ ಕೈಕೊಡುತ್ತದೆ. ಬಿಟ್ಟೆ.

ಈಗ ನಾನು ಬಳಸುವ ಸೆಟ್ಟಿಂಗ್ ಇಷ್ಟು. ಮ್ಯಾನ್ಯುಯಲ್ ಮೋಡ್, ಶಟರ್ 1/1000, ಅಪರ್ಚರ್ ಎಫ್/5.6, ಐಎಸ್‌ಒ ಮಾತ್ರ ಆಟೋ, ಮಿತಿ 6400. ಫೋಕಸ್ ನಿರಂತರ, ನಡುವಿನ 9 ಬಿಂದುಗಳ ಗುಂಪು. ಎಲ್ಲ 51 ಬಿಂದುಗಳನ್ನೂ ತೆರೆದಿಟ್ಟಾಗ ಕ್ಯಾಮೆರಾ ಹಿಂದಿನ ಜಾಹೀರಾತು ಫಲಕವನ್ನೋ ಗೋಲಿನ ಬಲೆಯನ್ನೋ ಹಿಡಿದುಕೊಳ್ಳುತ್ತಿತ್ತು. ಫೋಕಸ್ ಕೆಲಸವನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಗುಂಡಿಗೆ, ಹೆಬ್ಬೆರಳಿಗೆ ಕೊಟ್ಟಿದ್ದೇನೆ. ನಡುವೆ ಯಾರಾದರೂ ಅಡ್ಡ ಓಡಿದರೆ ಹೆಬ್ಬೆರಳು ಎತ್ತಿದರಾಯಿತು, ಫೋಕಸ್ ಮಗಳ ಮೇಲೇ ನಿಂತಿರುತ್ತದೆ. ಇದು ಕೈಗೆ ಹತ್ತಲು ನನಗೆ ಮೂರು ಪಂದ್ಯ ಬೇಕಾಯಿತು. ಲೆನ್ಸಿನ ಭಾರಕ್ಕೆ ಒಂಟಿ ಕಾಲಿನ ಆಸರೆ, ಮಾನೊಪಾಡ್ ಇದೆ, ತೊಂಬತ್ತು ನಿಮಿಷ ಕೈ ಸೋಲುವುದಿಲ್ಲ.

ಇನ್ನೊಂದು ಪಾಠ ತಡವಾಗಿ ಸಿಕ್ಕಿತು. ನಡುಮಧ್ಯಾಹ್ನದ ಪಂದ್ಯಗಳಲ್ಲಿ ದೂರದ ಗೋಲಿನ ಚಿತ್ರಗಳೆಲ್ಲ ಮಂಕಾಗಿ ಬರುತ್ತಿದ್ದವು. ಲೆನ್ಸ್ ಕೆಟ್ಟಿದೆ ಎಂದೇ ಕಳವಳಪಟ್ಟೆ. ಕಾದ ನೆಲದಿಂದ ಏಳುವ ಬಿಸಿಗಾಳಿ ನಡುವೆ ಅಲೆಯಾಡುತ್ತದೆ. ಬಿಸಿಲ್ಗುದುರೆ ಕಾಣುವಂಥ ಹೊತ್ತಿನಲ್ಲಿ ಯಾವ ದುಬಾರಿ ಲೆನ್ಸೂ ಆ ಅಲೆಯನ್ನು ದಾಟಲಾರದು. ಅಂಥ ದಿನ ದೂರದ ಚಿತ್ರಕ್ಕೆ ಆಸೆಪಡದೆ ಹತ್ತಿರದ ಗೋಲಿನ ಬಳಿ ಹೋಗಿ ನಿಲ್ಲುತ್ತೇನೆ.

ಲೆನ್ಸ್ ಬದಲಾಯಿಸುವ ಗೋಜೇ ಬೇಡ ಎನ್ನುವವರು 2014ರ ಪ್ಯಾನಸೋನಿಕ್ ಎಫ್‌ಝಡ್1000 ನೋಡಬಹುದು. ಅದರಲ್ಲಿ '1 ಇಂಚು' ಎಂದು ಕರೆಯುವ (ನಿಜಕ್ಕೂ ಅಷ್ಟು ದೊಡ್ಡದಲ್ಲದ, ಆದರೆ ನನ್ನ ಮೊದಲ ಕ್ಯಾಮೆರಾದ್ದಕ್ಕಿಂತ ದೊಡ್ಡ) ಸೆನ್ಸರ್ ಇದೆ, 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 400 ಮಿ.ಮೀ.ಗೆ ಸಮನಾದ ಜೂಮ್ ಇದೆ, ತುದಿಯಲ್ಲೂ ಎಫ್/4 ಸಿಗುತ್ತದೆ. ಹಗಲು ಆಟಕ್ಕೆ ಅದು ನಾನು ಮೊದಲು ಕೊಂಡದ್ದಕ್ಕಿಂತ ಎಷ್ಟೋ ಮೇಲು.

ವಿರಾಮದ ನಂತರ ತಂಡಗಳು ದಿಕ್ಕು ಬದಲಿಸುತ್ತವೆ, ಮಗಳು ಆಚೆ ಗೋಲಿಗೆ ಹೋಗುತ್ತಾಳೆ. ನಾನೂ ಮಾನೊಪಾಡ್ ಹೆಗಲಿಗೇರಿಸಿ ಗೆರೆಯ ಹೊರಗೇ ಅಷ್ಟು ದೂರ ನಡೆಯುತ್ತೇನೆ. ಕಳೆದ ಸೀಸನ್ನಿನ ಕೊನೆಯ ಪಂದ್ಯದಲ್ಲಿ, ಐಎಸ್‌ಒ 5000 ತೋರಿಸುತ್ತಿದ್ದ ಮಬ್ಬು ಬೆಳಕಿನಲ್ಲಿ, ಎಡಕ್ಕೆ ಹಾರಿ ಚೆಂಡಿಗೆ ಬೆರಳ ತುದಿ ತಾಗಿಸಿದಳು. ಆರು ಚಿತ್ರಗಳಲ್ಲಿ ನಾಲ್ಕನೆಯದರಲ್ಲಿ ಕೈಗವಸಿನ ಹೊಲಿಗೆ ಕೂಡ ಸ್ಪಷ್ಟವಾಗಿದೆ. ಮನೆಯಲ್ಲಿ ತೋರಿಸಿದಾಗ ಅವಳು ಪರದೆ ಹಿಗ್ಗಿಸಿದಳು. ಈ ಸಲ ನೋಡಿದ್ದು ತನ್ನನ್ನಲ್ಲ, ಚೆಂಡನ್ನು. "ಅಮ್ಮಾ, ನೋಡು, ಇನ್ನೊಂದು ಇಂಚು ಬೇಗ ಹಾರಬೇಕಿತ್ತು" ಅಂದಳು.