ತಂತಿ ಬರುವ ದಾರಿ ನೋಡಿ ನೆಟ್ ಹಾಕಿಸಿಕೊಂಡೆವು

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ನಾನು ಬೆಂಗಳೂರಿನ ಒಂದು ಆಫೀಸಿನ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಮೊಬೈಲ್ ಸಿಗ್ನಲ್ ಸಿಗುತ್ತಿತ್ತು. ಅಲ್ಲೇ ಕುರ್ಚಿ ಹಾಕಿಕೊಂಡು ಹಾಟ್‌ಸ್ಪಾಟ್‌ನಲ್ಲಿ ಕೆಲಸ. ಕರೆಂಟು ಹೋಗಿ ನಾಲ್ಕೈದು ಗಂಟೆಯಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತಿತ್ತು. ಆಮೇಲೆ ಆ ಮೂಲೆಯಲ್ಲೂ ಏನೂ ಇಲ್ಲ.

ಹಾಗಾಗಿ ಫೈಬರ್ ಬರುತ್ತದೆ ಅಂತ ಗೊತ್ತಾದ ಕೂಡಲೇ ಹಾಕಿಸಿಬಿಟ್ಟೆವು. ಮೊದಲ ಸಲ ನಾವು ನೋಡಿದ್ದು ಎರಡೇ ಸಂಗತಿ: ಎಷ್ಟು ಸ್ಪೀಡು, ಎಷ್ಟು ದುಡ್ಡು. 300 ಎಂಬಿಪಿಎಸ್, ಆರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ. ಕಟ್ಟಿದೆವು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಬಹಳ ಚೆನ್ನಾಗಿತ್ತು. ಪುನರ್ವಸು ಮಳೆ ಹಿಡಿದ ವಾರ ಲೈನ್ ತುಂಡಾಯಿತು. ಹನ್ನೊಂದು ದಿನ ಯಾರೂ ಬರಲಿಲ್ಲ. ದೂರು ಕೊಟ್ಟರೆ ಎರಡು ದಿನಕ್ಕೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಅಂತ ಮೆಸೇಜ್ ಬರುತ್ತಿತ್ತು. ರೂಟರ್‌ನ ಕೆಂಪು ದೀಪ ಮಾತ್ರ ಹಾಗೇ ಮಿನುಗುತ್ತಿತ್ತು. ಆ ಹನ್ನೊಂದು ದಿನ ನಾನು ತೀರ್ಥಹಳ್ಳಿಯಲ್ಲಿ ನೆಂಟರ ಮನೆಯಲ್ಲಿದ್ದೆ. ತಿಂಗಳ ಕೊನೆಯ ಲೆಕ್ಕ ಮುಗಿಸಬೇಕಿತ್ತು, ಇಲ್ಲಿ ಅತ್ತೆಗೆ ಜ್ವರ. ಅಷ್ಟು ಬೇಜಾರು ನನಗೆ ಯಾವತ್ತೂ ಆಗಿರಲಿಲ್ಲ.

ಮರಳಿ ಬಂದ ಮೇಲೆ ಮಾವ ಒಂದು ಮಾತು ಹೇಳಿದರು. “ಕಂಪನಿ ಯಾವುದಾದರೂ ಆಗಲಿ ಮಗಾ, ಆ ತಂತಿ ಯಾವ ಮರದ ಕೆಳಗೆ ಬಂದಿದೆ ಅಂತ ನೋಡಿದ್ದೀಯಾ?” ನಾನು ನೋಡಿರಲಿಲ್ಲ. ಮಳೆ ಹೊಳವಾದ ಒಂದು ಬೆಳಿಗ್ಗೆ ಇಬ್ಬರೂ ಕತ್ತಿ ಹಿಡಿದುಕೊಂಡು ಮನೆಯಿಂದ ಡಾಂಬರು ರಸ್ತೆವರೆಗೆ ತಂತಿಯ ಬುಡದಲ್ಲೇ ನಡೆದೆವು.

ಆ ಒಂದೂವರೆ ಕಿಲೋಮೀಟರಿನಲ್ಲಿ ನಾನು ಕಲಿತಷ್ಟು ಯಾವ ವಿಡಿಯೋ ನೋಡಿಯೂ ಕಲಿತಿಲ್ಲ. ಅರ್ಧ ದಾರಿ ಅಕೇಶಿಯಾ ನೆಡುತೋಪಿನ ಅಂಚಿನಲ್ಲೇ ತಂತಿ ಎಳೆದಿದ್ದರು. ಅಕೇಶಿಯಾ ಬೇಗ ಬೆಳೆಯುತ್ತದೆ, ಗಾಳಿಗೆ ಅಷ್ಟೇ ಬೇಗ ಮುರಿಯುತ್ತದೆ. ಎರಡು ಕಡೆ ತಂತಿಯನ್ನು ಹಲಸಿನ ಕೊಂಬೆಗೆ ಸುತ್ತಿ ಬಿಗಿದಿದ್ದರು. ಫೈಬರ್ ಅಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಹರಿಯುತ್ತದೆ. ಬಳೆಗಿಂತ ಸಣ್ಣ ಸುತ್ತಿಗೆ ಬಗ್ಗಿಸಿದರೆ ಬೆಳಕು ಅಲ್ಲೇ ಹೊರಗೆ ಸೋರುತ್ತದೆ. ತಂತಿ ತುಂಡಾಗಬೇಕೆಂದೇ ಇಲ್ಲ. ನಮ್ಮ ತೋಟದೊಳಗೆ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿದ್ದರು. ಅಡಿಕೆ ಮರ ಗಾಳಿಗೆ ತೂಗುತ್ತದೆ, ಸೋಗೆ ಬೀಳುತ್ತದೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ, ಕೊನೆ ಕೊಯ್ಯುವಾಗ ದೋಟಿ ತಾಗುತ್ತದೆ. ಮಂಗಗಳು ಜೋತಾಡಿದ ಗುರುತೂ ಇತ್ತು. ಇಂಥ ದಾರಿಯಲ್ಲಿ ಬಂದ ತಂತಿ ಮಳೆಗಾಲ ದಾಟುವುದಾದರೂ ಹೇಗೆ, ಅಲ್ವಾ?

ಹೊಸ ಕನೆಕ್ಷನ್ ಹುಡುಕುವಾಗ ಪ್ಲಾನ್‌ಗಳ ಪಟ್ಟಿ ಬದಿಗಿಟ್ಟು ಸುತ್ತಿನ ಮನೆಗಳಿಗೆ ಹೋದೆ. ಮಲೆನಾಡಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬಿಎಸ್‌ಎನ್‌ಎಲ್ ಫೈಬರ್, ಕೇಬಲ್ ಟಿವಿಯವರು ಕೊಡುವ ನೆಟ್, ಪೇಟೆಗೆ ಹತ್ತಿರವಿದ್ದರೆ ಜಿಯೋ ಅಥವಾ ಏರ್‌ಟೆಲ್. ಟವರ್ ಸರಿಯಾಗಿ ಕಾಣುವ ಮನೆಯಾದರೆ ತಂತಿಯಿಲ್ಲದ ಏರ್‌ಫೈಬರ್ ಕೂಡ ಇದೆ. ನಾವು ಕೊನೆಗೆ ಯಾವುದು ತೆಗೆದುಕೊಂಡೆವು ಅಂತ ಹೆಸರು ಹೇಳುವುದಿಲ್ಲ. ಒಂದೇ ಕಂಪನಿ ನಮ್ಮ ಕೇರಿಯಲ್ಲಿ ಚೆನ್ನಾಗಿದ್ದು, ಹೊಳೆಯಾಚೆ ಕೆಟ್ಟಿರುವುದನ್ನು ನೋಡಿದ್ದೇನೆ. ಹೆಸರು ಕೇಳಿ ಹಾಕಿಸಿಕೊಂಡರೆ ನಿಮಗೂ ನಮ್ಮ ಮೊದಲ ಸಲದ ಹಾಗೇ ಆಗಬಹುದು.

ಆರು ಮನೆಗಳಲ್ಲಿ ಕೇಳಿದ್ದು ಇಷ್ಟೇ. ಹೋದ ಮಳೆಗಾಲದಲ್ಲಿ ಒಟ್ಟು ಎಷ್ಟು ದಿನ ನೆಟ್ ಇರಲಿಲ್ಲ? ಹಾಳಾದಾಗ ಯಾರಿಗೆ ಫೋನ್ ಮಾಡಿದಿರಿ, ಅವರು ಯಾವ ಊರಿನವರು? ಕರೆಂಟು ಹೋದ ಮೇಲೆ ನೆಟ್ ಎಷ್ಟು ಹೊತ್ತು ಇರುತ್ತದೆ?

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಅದೇ ಮುಖ್ಯ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆಯಿತು ಅಂದುಕೊಳ್ಳುತ್ತೇವೆ. ಆದರೆ ಆ ಕಡೆಯ ತುದಿಯಲ್ಲಿ, ಎಕ್ಸ್‌ಚೇಂಜ್‌ನಲ್ಲೋ ಆಪರೇಟರ್ ಕೋಣೆಯಲ್ಲೋ ಇರುವ ಯಂತ್ರಕ್ಕೆ ಬ್ಯಾಟರಿ ಇಲ್ಲದಿದ್ದರೆ ನಮ್ಮ ಇನ್ವರ್ಟರ್‌ನಿಂದ ಏನೂ ಪ್ರಯೋಜನವಿಲ್ಲ. ಸರಿಯಾದ ಜಿಪಾನ್ ಫೈಬರ್‌ನಲ್ಲಿ, ಅಂದರೆ ಒಂದೇ ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ವ್ಯವಸ್ಥೆಯಲ್ಲಿ, ನಡುದಾರಿಯ ಸ್ಪ್ಲಿಟರ್‌ಗಳಿಗೆ ಕರೆಂಟೇ ಬೇಡ. ಅವು ಬೆಳಕನ್ನು ಸುಮ್ನೆ ಹಂಚುತ್ತವೆ. ಕೆಲವು ಕಡೆ ಕಂಬದ ಮೇಲಿನ ಡಬ್ಬಿಯಲ್ಲಿ ನೆಟ್‌ವರ್ಕ್ ಸ್ವಿಚ್ (ಲೈನನ್ನು ಹಲವು ಮನೆಗೆ ಹಂಚುವ ಯಂತ್ರ) ಇಟ್ಟು ಅಲ್ಲಿಂದ ಮನೆಗಳಿಗೆ ಎಳೆದಿರುತ್ತಾರೆ. ಅಂಥ ಪ್ರತಿ ಡಬ್ಬಿಗೂ ಕರೆಂಟು ಬೇಕು. ಕೇಳಿ ತಿಳಿದುಕೊಳ್ಳಿ.

ಎರಡನೆಯ ಪ್ರಶ್ನೆಗೆ ನಾಲ್ಕು ಮನೆಯವರು ಒಂದೇ ಉತ್ತರ ಕೊಟ್ಟರು. ಪಕ್ಕದೂರಿನ ಹುಡುಗ, ಬೈಕಿನಲ್ಲಿ ಏಣಿ ಕಟ್ಟಿಕೊಂಡು ಬರುತ್ತಾನೆ, ಫೈಬರ್ ಜೋಡಿಸುವ ಮಷಿನ್ ಅವನ ಹತ್ತಿರವೇ ಇದೆ. ಅವನು ಲೈನ್ ನೋಡುವ ಕಂಪನಿಯನ್ನೇ ಹಿಡಿದೆವು.

ಅವನಿಗೆ ಫೋನ್ ಮಾಡಿ ಮೊದಲೇ ಹೇಳಿದೆ, ದಾರಿ ನಾವು ತೋರಿಸುತ್ತೇವೆ ಅಂತ. ಅವನಿಗೆ ಖುಷಿಯೇ ಆಯಿತು. “ಅಕ್ಕಾ, ಮರ ಬಿದ್ದರೆ ಮಳೆಯಲ್ಲಿ ಬರಬೇಕಾದವನು ನಾನೇ ಅಲ್ವಾ” ಅಂದ. ಮಾವ ಮುಂದೆ ನಡೆದು ಪ್ರತಿ ಮರ ತೋರಿಸಿದರು. ಇದು ಗಟ್ಟಿ, ಇದು ಒಳಗೆ ಟೊಳ್ಳು, ಇದರ ಬೇರು ಧರೆಯಂಚಿಗೆ ಬಂದಿದೆ. ಅಕೇಶಿಯಾ ಸಾಲು ಬಿಟ್ಟು ಗದ್ದೆಯ ಬದಿಯಲ್ಲಿ ಬಂದೆವು. ತಂತಿ ಸುಮಾರು ಇನ್ನೂರು ಮೀಟರ್ ಜಾಸ್ತಿ ಬೇಕಾಯಿತು, ಅದರ ಹಣ ನಾವೇ ಕೊಟ್ಟೆವು. ತೋಟದೊಳಗೆ ಹಳೆಯ ಬೇಲಿಯ ಕಲ್ಲುಕಂಬಗಳಿದ್ದವು. ಅವಕ್ಕೆ ಜಿಐ ಪೈಪ್ ಬಿಗಿದು ಎತ್ತರ ಮಾಡಿ ಅದರ ಮೇಲೆ ತಂತಿ ಎಳೆದೆವು. ನಡುವೆ ಎರಡು ಕಡೆ ಐದಾರು ಮೀಟರ್ ಹೆಚ್ಚಿನ ತಂತಿಯನ್ನು ದೊಡ್ಡ ಸುರುಳಿ ಮಾಡಿ ಬಿಟ್ಟಿದ್ದೇವೆ. ತುಂಡಾದರೆ ಎಳೆದು ಜೋಡಿಸಲು ಅದು ಬೇಕೇ ಬೇಕು.

ಲೈನ್ ಕೊಟ್ಟ ದಿನ ಅವನ ಮೀಟರ್‌ನಲ್ಲಿ ಬೆಳಕಿನ ಅಳತೆ ಎಷ್ಟು ಅಂತ ಕೇಳಿ ಬರೆದಿಟ್ಟುಕೊಂಡೆ. ಮೈನಸ್ 20 ಡಿಬಿಎಂ. ನೀವೂ ತಪ್ಪದೆ ಬರೆದಿಡಿ. ಈ ಲೆಕ್ಕದಲ್ಲಿ ಮೂರು ಇಳಿದರೆ, ಅಂದರೆ ಮೈನಸ್ 20 ಇದ್ದದ್ದು ಮೈನಸ್ 23 ಆದರೆ, ಬೆಳಕು ಅರ್ಧವಾಯಿತು ಅಂತ ಅರ್ಥ. ಮೈನಸ್ 26 ಆಯಿತೆಂದರೆ ಬರುತ್ತಿರುವುದು ಕಾಲು ಭಾಗ ಮಾತ್ರ. ಮೈನಸ್ 27ರ ಆಚೆಗೆ ಹೋದರೆ ಮನೆಯ ಪೆಟ್ಟಿಗೆ (ಫೈಬರ್ ಬಂದು ಸೇರುವ ರೂಟರ್) ತಡವರಿಸಲು ಶುರು ಮಾಡುತ್ತದೆ. ನೆಟ್ ಬರುತ್ತದೆ, ಹೋಗುತ್ತದೆ. ಇದನ್ನು ಹೆಚ್ಚಿನ ರೂಟರ್‌ಗಳ ಸೆಟ್ಟಿಂಗ್ ಪುಟದಲ್ಲಿ ನಾವೇ ನೋಡಬಹುದು. ‘ನೆಟ್ ಸ್ಲೋ ಇದೆ’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ‘20 ಇದ್ದದ್ದು 26 ಆಗಿದೆ’ ಅಂದರೆ ಅದೇ ದಿನ ಬರುತ್ತಾರೆ. ಇದು ನನ್ನ ಅನುಭವ.

ಪ್ಲಾನ್ ಬಗ್ಗೆ ಹೇಳುವುದು ಸ್ವಲ್ಪವೇ. ಈ ಸಲ 100 ಎಂಬಿಪಿಎಸ್ ತೆಗೆದುಕೊಂಡೆವು. ಒಂದು ವಿಡಿಯೋ ಮೀಟಿಂಗ್‌ಗೆ 3-4 ಎಂಬಿಪಿಎಸ್ ಸಾಕು. ಮನೆಯಲ್ಲಿ ಐದು ಜನ ಒಟ್ಟಿಗೆ ಕೂತರೂ 100 ಮುಗಿಯುವುದಿಲ್ಲ. ಅಪ್‌ಲೋಡ್ ಎಷ್ಟು ಅಂತ ಬೇರೆಯಾಗಿ ಕೇಳಿ, ಮೀಟಿಂಗ್‌ನಲ್ಲಿ ನಮ್ಮ ದನಿ, ಮುಖ ಹೋಗುವುದು ಅದರಲ್ಲಿ. ಜಾಹೀರಾತಿನ ದರಕ್ಕೆ ಸಾಮಾನ್ಯವಾಗಿ 18 ಶೇಕಡಾ ಜಿಎಸ್‌ಟಿ ಸೇರುತ್ತದೆ, 599 ಅಂದದ್ದು ಸುಮಾರು 707 ಆಗುತ್ತದೆ. ಒಂದು ಮಳೆಗಾಲ ನೋಡುವವರೆಗೆ ತಿಂಗಳು ತಿಂಗಳು ಕಟ್ಟಿ. ವರ್ಷದ್ದು ಒಟ್ಟಿಗೆ ಕಟ್ಟಬೇಡಿ.

ಇಷ್ಟಾದರೂ ನನ್ನ ಕೋಣೆಗೆ ನೆಟ್ ಬರಲಿಲ್ಲ. ಜಗಲಿಯಲ್ಲಿ 92 ಬಂದರೆ ಕೋಣೆಯಲ್ಲಿ 6. ನಮ್ಮದು ಹಳೆಯ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಆಮೇಲೆ ಕಟ್ಟಿದ ಭಾಗಕ್ಕೆ ಜಂಬಿಟ್ಟಿಗೆ. ಬೇಸಿಗೆಯಲ್ಲಿ ತಂಪಾಗಿಡುವ ಈ ಗೋಡೆಗಳೇ ವೈಫೈಗೆ ಅಡ್ಡ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಾಗ ಇನ್ನೂ ಕಡಿಮೆಯಾಗುತ್ತದೆ, ನೀರು ಈ ಅಲೆಗಳನ್ನು ಹೀರುತ್ತದೆ. ಒಂದು ಕಾಗದದಲ್ಲಿ ಮನೆಯ ನಕ್ಷೆ ಬರೆದು, ಜಗಲಿ, ನಡುಮನೆ, ದೇವರಕೋಣೆ, ಅಡುಗೆಮನೆ, ನನ್ನ ಕೋಣೆ ಎಲ್ಲ ಕಡೆ ಫೋನ್ ಹಿಡಿದು ಸ್ಪೀಡ್ ನೋಡಿ ಬರೆದೆ. 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು. 2.4 ಎರಡು ಗೋಡೆ ದಾಟುತ್ತಿತ್ತು, ಆದರೆ ನಿಧಾನ. ಪೆಟ್ಟಿಗೆಯ ಪಕ್ಕದಲ್ಲೇ ಇದ್ದ ಕಬ್ಬಿಣದ ಬೀರುವನ್ನು ಸರಿಸಿದ್ದಕ್ಕೇ ನಡುಮನೆಯಲ್ಲಿ ಎರಡು ಪಟ್ಟು ಆಯಿತು.

ಅಂಗಡಿಯವರು ಹೇಳಿದರೆಂದು ವೈಫೈಯನ್ನು ಹಿಡಿದು ಮುಂದಕ್ಕೆ ದಾಟಿಸುವ ಒಂದು ಎಕ್ಸ್‌ಟೆಂಡರ್ ತಂದೆ. ನಮಗೆ ಅದು ಸರಿಹೋಗಲಿಲ್ಲ. ಕಡಿಮೆ ಬೆಲೆಯ ಎಕ್ಸ್‌ಟೆಂಡರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು. ಹಾಗಾಗಿ ಸ್ಪೀಡು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬರುವುದೇ ಕ್ಷೀಣವಾಗಿದ್ದರೆ ಅದು ಹಂಚುವುದೂ ಅಷ್ಟನ್ನೇ.

ಗೋಡೆ ದಾಟಿಸುವ ಪ್ರಯತ್ನ ಬಿಟ್ಟು ಗೋಡೆಯ ಮೇಲಿನಿಂದ ಹೋಗುವುದು ಅಂತ ತೀರ್ಮಾನಿಸಿದೆವು. ಹಳೆಯ ಮನೆಯಲ್ಲಿ ಅಟ್ಟ ಇರುವುದೇ ಅನುಕೂಲ. ಜಗಲಿಯ ಪೆಟ್ಟಿಗೆಯಿಂದ ಅಟ್ಟಕ್ಕೆ ಹತ್ತಿಸಿ, ನಡುಮನೆಯ ಮುಚ್ಚಿಗೆಯ ಮೇಲೆ ಹಾಯಿಸಿ, ನನ್ನ ಕೋಣೆಗೆ ಇಳಿಸಿದೆವು. ಒಟ್ಟು 35 ಮೀಟರ್ ಕ್ಯಾಟ್ 6 ಕೇಬಲ್, ಅಂದರೆ ನೆಟ್ ಹಾಯಿಸುವ ತಾಮ್ರದ ಕೇಬಲ್. ಈ ಕೇಬಲ್ 100 ಮೀಟರ್‌ವರೆಗೆ ತೊಂದರೆ ಇಲ್ಲದೆ ಹೋಗುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದೂ ಅದೇ ಬಣ್ಣದಲ್ಲಿ ಸಿಗುತ್ತದೆ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಅಟ್ಟದಲ್ಲಿ ಇಲಿ ಇರುವುದರಿಂದ ಪೂರ್ತಿ ಪಿವಿಸಿ ಪೈಪಿನೊಳಗೆ ಹಾಕಿದೆವು.

ಕೋಣೆಯಲ್ಲಿ ಒಂದು ಹಳೆಯ ರೂಟರ್ ಇಟ್ಟು ಆ್ಯಕ್ಸೆಸ್ ಪಾಯಿಂಟ್ ಮಾಡಿದೆ, ಅಂದರೆ ಕೇಬಲ್ಲಿನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಕೊಡುವ ಕೆಲಸ ಮಾತ್ರ ಅದಕ್ಕೆ. ಮೊದಲ ಪೆಟ್ಟಿಗೆಯ ಐಪಿ ವಿಳಾಸಕ್ಕಿಂತ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ಬೇರೆ ವಿಳಾಸ ಕೊಟ್ಟು, ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ ಅಂತ ಬರೆದ ತೂತಿಗೆ ಹಾಕದೆ ಲ್ಯಾನ್ ತೂತಿಗೆ ಹಾಕಿದರೆ ಕೆಲಸ ಮುಗಿಯಿತು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರದಿರಲಿ ಅಂತ 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 11. ಈಗ ಕೋಣೆಯಲ್ಲಿ 90ರ ಮೇಲೆ ಬರುತ್ತದೆ, ಮಳೆ ಬಂದರೂ ಅಷ್ಟೇ. ಹೊಸದಾಗಿ ಕೊಂಡದ್ದು ಕೇಬಲ್ ಮತ್ತು ಪೈಪ್ ಮಾತ್ರ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮ್ಮಲ್ಲಿ ಬಹಳ ಜೋರು. ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದಾಗ ಮನೆಯಿಂದ ಅಡಿಕೆ ಮನೆಗೆ ಬಯಲಿನಲ್ಲೇ ತಾಮ್ರದ ಕೇಬಲ್ ಎಳೆದಿದ್ದೆ. ಒಂದು ಸಂಜೆ ಹತ್ತಿರದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಕ್ಯಾಮೆರಾ, ರೂಟರ್‌ನ ಒಂದು ತೂತು ಎರಡೂ ಸುಟ್ಟವು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ತಾಮ್ರದಲ್ಲಿ ಹರಿಯುತ್ತದೆ. ಗೊತ್ತಿದ್ದೂ ಮಾಡಿದ್ದೆ. ಈಗ ಆ 60 ಮೀಟರಿಗೂ ಫೈಬರ್ ಹಾಕಿ ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿಗೆ, ಅಲ್ಲಿಂದ ಮತ್ತೆ ಬೆಳಕಿಗೆ ಬದಲಿಸುವ ಡಬ್ಬಿ) ಇಟ್ಟಿದ್ದೇವೆ. ಮನೆಗೆ ಬರುವ ಫೈಬರ್ ತಂತಿಯ ಜೊತೆ ಬಲಕ್ಕೆಂದು ಹೆಚ್ಚಾಗಿ ಒಂದು ಉಕ್ಕಿನ ಎಳೆ ಇರುತ್ತದೆ. ಅದನ್ನು ಗೋಡೆಯ ಹೊರಗೇ ಬಿಗಿದು ಕತ್ತರಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರಲು ಲೈನಿನ ಹುಡುಗನಿಗೆ ಹೇಳಿ. ಸಿಡಿಲು ಒಳಗೆ ಬರಲು ಉಳಿದ ದಾರಿ ಕರೆಂಟಿನ ಪ್ಲಗ್. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಗುಡುಗು ಕೇಳಿದ ಕೂಡಲೇ ಮಾವ ಫೋನಿನ ವಯರ್ ಕಿತ್ತಿಡುತ್ತಿದ್ದರಂತೆ. ಈಗ ರೂಟರ್‌ನ ಪ್ಲಗ್ ಕಿತ್ತಿಡುತ್ತಾರೆ.

ಕಿತ್ತರೂ ನನ್ನ ಮೀಟಿಂಗ್ ನಿಲ್ಲುವುದಿಲ್ಲ, ಏಕೆಂದರೆ ಪೆಟ್ಟಿಗೆ ನಡೆಯುವುದು 12 ವೋಲ್ಟ್‌ನ ಸಣ್ಣ ಯುಪಿಎಸ್ ಮೇಲೆ. ಕೊಳ್ಳುವ ಮೊದಲು ನಿಮ್ಮ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿ. 10000 ಎಂಎಎಚ್ ಅಂತ ಬರೆದ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 37 ವ್ಯಾಟ್-ಅವರ್ ಅಷ್ಟೇ. ಏಕೆಂದರೆ ಒಳಗಿನ ಸೆಲ್ಲುಗಳು 3.7 ವೋಲ್ಟಿನವು (10 ಆಂಪಿಯರ್-ಅವರ್ × 3.7). 10 ವ್ಯಾಟ್ ಎಳೆಯುವ ಪೆಟ್ಟಿಗೆ ಅದರಲ್ಲಿ ಮೂರು ಗಂಟೆ ನಡೆಯುತ್ತದೆ. ಕೋಣೆಯ ರೂಟರ್‌ಗೂ ಒಂದು ಬೇಕಾಯಿತು.

ಈ ವರ್ಷದ ಮಳೆಗಾಲದಲ್ಲಿ ಎರಡು ಸಲ ಲೈನ್ ಹೋಯಿತು. ಎರಡೂ ಸಲ ಮಾರನೆಯ ದಿನ ಮಧ್ಯಾಹ್ನದೊಳಗೆ ಸರಿಯಾಯಿತು. ಎರಡನೆಯದು ಗದ್ದೆ ತಿರುವಿನ ಧೂಪದ ಮರದ ಕೊಂಬೆಯಿಂದ. ಅದರ ಇನ್ನೊಂದು ಕೊಂಬೆ ಈಗಲೂ ತಂತಿಯ ಕಡೆಗೇ ಬಾಗಿದೆ. ಜಾಗದವರ ಹತ್ತಿರ ಮಾವ ಮಾತಾಡಿ ಬಂದಿದ್ದಾರೆ, ಕೊಯ್ಲು ಮುಗಿದ ಮೇಲೆ ಕಡಿಸುತ್ತೇವೆ ಅಂದಿದ್ದಾರೆ.