ವರದಿಯೊಳಗಿನ ‘ಕಾಕಾ’

ಕಲಬುರಗಿಯಲ್ಲಿ ಮಕ್ಕಳ ಸುಪರ್ದಿಯ ಪ್ರಕರಣ ನಡೆಸುವ ನಮ್ಮಂಥ ವಕೀಲರಿಗೆ ಮುಚ್ಚಿದ ಲಕೋಟೆ ಎಂದರೆ ಎದೆ ಡವಗುಟ್ಟುವುದು ಸಹಜ. ಮಗುವನ್ನೂ ತಂದೆತಾಯಿಯನ್ನೂ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ಬರೆದ ವರದಿ ಅದರೊಳಗಿರುತ್ತದೆ. ಪ್ರತಿ ಕೈಗೆ ಬಂದೊಡನೆ ಕೊನೆಯ ಪುಟಕ್ಕೆ ಹಾರುವ ಚಟ ನನಗೂ ಇತ್ತು.

ಅದನ್ನು ಬಿಡಿಸಿದವರು ಆಳಂದ ಕಡೆಯ ಒಬ್ಬ ತೊಗರಿ ವ್ಯಾಪಾರಿ. ಮಗನಿಗೆ ಆರು ವರ್ಷ. ಐದು ತುಂಬುವವರೆಗೆ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುವ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಮಾತು ಇಲ್ಲಿ ಮುಗಿದಿತ್ತು. ಎಲ್ಲರ ಕಣ್ಣು ವರದಿಯ ಮೇಲೆ. ಬಾಲಕ ತಂದೆಯ ಸುದ್ದಿಯನ್ನೇ ಎತ್ತಲಿಲ್ಲ, ಚಿಕ್ಕಪ್ಪನನ್ನು ಹಚ್ಚಿಕೊಂಡಿದ್ದಾನೆ, ಅವನ ಜೊತೆಯೇ ಮಲಗುತ್ತಾನೆ ಎಂದು ಅದರಲ್ಲಿತ್ತು. ಓದಿ ಹೇಳಿದೆ. ಕಕ್ಷಿದಾರರು ನನ್ನ ಮುಖ ನೋಡಿದರು. “ನನಗೆ ತಮ್ಮನೇ ಇಲ್ಲ, ಸಾಹೇಬರೇ.”

ಕೂಡು ಕುಟುಂಬ. ಅಣ್ಣಂದಿರ ಮಕ್ಕಳು ಇವರನ್ನು ಕಾಕಾ, ಅಂದರೆ ಚಿಕ್ಕಪ್ಪ, ಎನ್ನುತ್ತಾರೆ. ಅದನ್ನು ಕೇಳುತ್ತ ಬೆಳೆದ ಮಗನಿಗೂ ಇವರು ಕಾಕಾ. ನಮ್ಮ ಭಾಗದಲ್ಲಿ ಇದೇನು ಹೊಸದಲ್ಲ. ದೂರದ ಊರಿನ ಪರೀಕ್ಷಕರಿಗೆ ಹೇಗೆ ತಿಳಿಯಬೇಕು?

ಇಂಥ ವರದಿಯನ್ನು ಸ್ವೀಕರಿಸಲೇಬಾರದು ಎಂದು ಕೂಗಾಡುವುದು ಹೊಸಬರ ಹಾದಿ. ಸಾಕ್ಷ್ಯ ಕಾನೂನಿನ ಒರೆಗೆ ಹಚ್ಚದೆಯೂ ವರದಿಯನ್ನು ಒಳಗೆ ಬಿಟ್ಟುಕೊಳ್ಳಲು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ ಅವಕಾಶ ಕೊಡುತ್ತದೆ. ಬಾಗಿಲಿಗೆ ಅಡ್ಡ ನಿಂತು ಫಲವಿಲ್ಲ, ಒಳಗೆ ಬಂದದ್ದನ್ನು ತಕ್ಕಡಿಗೆ ಹಾಕಿಸಬೇಕು. ಸಂದರ್ಶನದ ಟಿಪ್ಪಣಿ ಕೊಡಿಸಿ, ಪರೀಕ್ಷಕರನ್ನು ಪಾಟೀಸವಾಲಿಗೆ ಕರೆಸಿ ಎಂದು ಅರ್ಜಿ ಹಾಕಿದೆ.

ಟಿಪ್ಪಣಿ ಬಂತು. ತಾಯಿಗೆ ಎರಡು ಭೇಟಿ, ತಂದೆಗೆ ಇಪ್ಪತ್ತೈದು ನಿಮಿಷ. ಪುಟಗಳೆಲ್ಲ ಇಂಗ್ಲಿಷಿನಲ್ಲಿ, ಹುಡುಗನ ಬಾಯಿಯ ಪದ ಒಂದೇ ಒಂದು, ಅಡಿಗೆರೆ ಸಮೇತ ಉಳಿದಿತ್ತು: ಕಾಕಾ. ವರದಿ ಬರೆಯುವ ಹೊತ್ತಿಗೆ ಅದು ‘ಅಂಕಲ್’ ಆಗಿತ್ತು.

ವರದಿಯನ್ನು ಚಿಂದಿ ಮಾಡಿ ಎಂದು ಕಕ್ಷಿದಾರರ ಒತ್ತಾಯ. ಆದರೆ ಇವರು ಮಗನ ಎದುರು ಹೆಂಡತಿಯನ್ನು ಹಳಿಯುತ್ತಾರೆ ಎಂದೂ ಅಲ್ಲಿ ಬರೆದಿತ್ತು, ಅದು ನಿಜವೇ ಆಗಿತ್ತು. ಅದನ್ನು ಕೆದಕಲಿಲ್ಲ. ಪರೀಕ್ಷಕರ ಪದವಿ, ಅನುಭವಗಳ ತಂಟೆಗೂ ಹೋಗಲಿಲ್ಲ.

“ಕಾಕಾ ಅಂದರೆ ಯಾರು ಎಂದು ಮಗುವನ್ನು ಕೇಳಿದಿರಾ?”

“ಇಲ್ಲ.”

ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಕುಳಿತೆ. ನ್ಯಾಯಾಧೀಶರು ಹುಡುಗನನ್ನು ತಮ್ಮ ಕೊಠಡಿಗೆ ಕರೆಸಿ ಕಾಲು ಗಂಟೆ ಮಾತನಾಡಿದರು.

ಸುಪರ್ದಿ ತಾಯಿಗೇ ಹೋಯಿತು. ವಾರಾಂತ್ಯಗಳು, ಬೇಸಿಗೆ ರಜೆಯ ಅರ್ಧ ತಂದೆಗೆ. ಕಕ್ಷಿದಾರರಿಗೆ ಪೂರ್ತಿ ಸಮಾಧಾನವಿಲ್ಲ, ನನಗೆ ಇದೆ.

ಈಗ ಪರೀಕ್ಷೆಗೆ ಮಗುವನ್ನು ಕಳಿಸುವ ಮೊದಲೇ, ನ್ಯಾಯಾಲಯದ ಅನುಮತಿ ಪಡೆದು, ಒಂದು ಹಾಳೆ ಜೊತೆಗಿಡಿಸುತ್ತೇನೆ: ಮನೆಯಲ್ಲಿ ಯಾರಿದ್ದಾರೆ, ಮಗು ಯಾವ ಭಾಷೆಯಲ್ಲಿ ಮಾತನಾಡುತ್ತದೆ, ಯಾರನ್ನು ಏನೆಂದು ಕರೆಯುತ್ತದೆ.