ಬ್ರಿಟನ್ನಿನಲ್ಲಿ ಕಲ್ಲು ಹೆಕ್ಕುವ ಮೊದಲು: ಮಲೆನಾಡಿನವರಿಗೊಂದು ಜಿಯೋಪಾರ್ಕ್ ಪಾಠ

ಈ ಸಲ ರಜೆಗೆ ಸಾಗರದ ಮನೆಗೆ ಬಂದ ದಿನವೇ ಮಗ ಜೇಬಿನಿಂದ ಒಂದು ಕಲ್ಲು ತೆಗೆದು ಅಜ್ಜನ ಕೈಗಿಟ್ಟ. ಹೆಬ್ಬೆರಳಿನಷ್ಟು ಉದ್ದದ ಬೂದು ಕಲ್ಲು. ಒಂದು ಮಗ್ಗುಲಲ್ಲಿ ಗೆರೆಗೆರೆ ಬೆನ್ನಿನ ಹುಳು, ಅರ್ಧ ಹೊರಗೆ, ಅರ್ಧ ಒಳಗೆ. ಮಳೆಗಾಲದಲ್ಲಿ ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಚೋರಟೆ ನೆನಪಾಗುತ್ತದೆ. ಅದು ಟ್ರೈಲೋಬೈಟ್, ಸುಮಾರು 43 ಕೋಟಿ ವರ್ಷ ಹಿಂದಿನ ಸಮುದ್ರದ ಜೀವಿ. ಸಿಕ್ಕಿದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಡಡ್ಲಿಯ ರೆನ್ಸ್ ನೆಸ್ಟ್ ಗುಡ್ಡದಲ್ಲಿ.

"ಇಂಥದ್ದನ್ನ ಎತ್ಕೊಂಡು ಬಂದ್ರೆ ಅಲ್ಲಿ ಯಾರೂ ಕೇಳಲ್ವಾ?" ಅಂತ ಅಪ್ಪಯ್ಯ ಕೇಳಿದರು. ಅಡಿಕೆ ಸುಲಿಯುತ್ತಾ ಕೂತಿದ್ದ ಪಕ್ಕದ ಮನೆಯವರದು ಬೇರೆ ಅನುಮಾನ. "ಆ ಗುಡ್ಡಕ್ಕೆ ಯುನೆಸ್ಕೋ ಬೋರ್ಡ್ ಇದೆ ಅಂತೀಯ. ಹಾಗಾದ್ರೆ ಅಲ್ಲಿಯವರನ್ನ ಇನ್ನೂ ಎಬ್ಬಿಸಿಲ್ವಾ?" 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದರ ಹಿಂದೆಯೇ ಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿ ಬಂತು. ಅಂದಿನಿಂದ ಯುನೆಸ್ಕೋ ಅಂದರೆ ನಮ್ಮ ಕಡೆ ಜಮೀನು ಹೋಯ್ತು ಅಂತಲೇ ಲೆಕ್ಕ. ಬ್ರಿಟನ್ನಿಗೆ ಬಂದ ನಮ್ಮವರಲ್ಲೂ ಈ ಎರಡು ಅನುಮಾನ ಇದ್ದೇ ಇರುತ್ತವೆ.

ಮೊದಲು ಎರಡನೆಯದು. ಯುನೆಸ್ಕೋ ಗ್ಲೋಬಲ್ ಜಿಯೋಪಾರ್ಕ್ ಅನ್ನುವುದು ಜಗತ್ತಿಗೇ ಮುಖ್ಯವಾದ ಕಲ್ಲು, ಬಂಡೆ ಇರುವ ಪ್ರದೇಶಕ್ಕೆ ಕೊಡುವ ಒಂದು ಮಾನ್ಯತೆ. ಕಾನೂನಲ್ಲ. ಅದು ಬಂದ ಮಾತ್ರಕ್ಕೆ ಒಂದು ಗುಂಟೆ ಜಮೀನಿನ ಮೇಲೂ ಹೊಸ ನಿಬಂಧನೆ ಬೀಳುವುದಿಲ್ಲ. ಡಡ್ಲಿ, ಸ್ಯಾಂಡ್‌ವೆಲ್, ವಾಲ್ಸಾಲ್, ವುಲ್ವರ್‌ಹ್ಯಾಂಪ್ಟನ್ ಎಂಬ ನಾಲ್ಕು ಕೌನ್ಸಿಲ್‌ಗಳ ಪ್ರದೇಶ 2020ರಲ್ಲಿ ಬ್ಲ್ಯಾಕ್ ಕಂಟ್ರಿ ಜಿಯೋಪಾರ್ಕ್ ಆಯಿತು. ಅದರೊಳಗೆ ಕಾರ್ಖಾನೆ, ಗುರುದ್ವಾರ, ಸೂಪರ್ ಮಾರ್ಕೆಟ್, ಲಕ್ಷಾಂತರ ಮನೆ ಎಲ್ಲ ಇದ್ದ ಹಾಗೇ ಇವೆ. ಜಿಯೋಪಾರ್ಕ್ ಗಡಿ ದಾಟಿದ್ದು ಬಸ್ಸಿನಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ಕಲ್ಲನ್ನು ಕಾಯುವುದು ಯಾರು? ದೇಶದ ಹಳೆಯ ಕಾನೂನು. ಒಳಗಿನ ಮುಖ್ಯ ಕಲ್ಲುಗಳಿಗೆ ಆ ದೇಶದ ಕಾನೂನಿನ ರಕ್ಷಣೆ ಇರಲೇಬೇಕು ಅನ್ನುವುದು ಯುನೆಸ್ಕೋದ ಷರತ್ತು. ಬ್ರಿಟನ್ನಿನಲ್ಲಿ ಆ ಕೆಲಸ ಮಾಡುವುದು ಸೈಟ್ ಆಫ್ ಸ್ಪೆಷಲ್ ಸೈಂಟಿಫಿಕ್ ಇಂಟರೆಸ್ಟ್, ಅಂದರೆ ವಿಶೇಷ ವೈಜ್ಞಾನಿಕ ಮಹತ್ವದ ಜಾಗ ಎಂಬ ಘೋಷಣೆ. ಬಾಯಿಮಾತಿನಲ್ಲಿ 'ಟ್ರಿಪಲ್ ಎಸ್ ಐ'. 1949ರ ಕಾಯ್ದೆಯಲ್ಲಿ ಹುಟ್ಟಿ, 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯಲ್ಲಿ ಹಲ್ಲು ಬಂತು, 2000ದ ತಿದ್ದುಪಡಿಯಲ್ಲಿ ಅದು ಇನ್ನೂ ಚೂಪಾಯಿತು. ಹೆಸರಲ್ಲಿ ವೈಲ್ಡ್‌ಲೈಫ್ ಇದ್ದರೂ ಹಕ್ಕಿ, ಹೂವಿಗೆ ಇರುವಷ್ಟೇ ಮರ್ಯಾದೆ ಬಂಡೆಗೂ ಇದೆ. ಯಾವ ಬಂಡೆ ಮುಖ್ಯ ಅಂತ 1977ರಲ್ಲಿ ದೇಶದಾದ್ಯಂತ ಪರಿಶೀಲನೆ ಶುರು ಮಾಡಿ 3,000ಕ್ಕೂ ಹೆಚ್ಚು ಜಾಗ ಗುರುತಿಸಿದರು.

ನಮ್ಮ ಸೊಪ್ಪಿನಬೆಟ್ಟ ಗೊತ್ತಲ್ಲ? ಜಾಗ ಸರ್ಕಾರದ್ದು, ಸೊಪ್ಪು ಕಡಿಯುವ ಹಕ್ಕು ತೋಟದವನದು. ಇಲ್ಲಿ ಅದನ್ನೇ ತಿರುಗಿಸಿ ಹಿಡಿದ ಹಾಗೆ. ಜಾಗ ಮಾಲೀಕನದೇ, ಹೆಸರೂ ಅವನದೇ. ಆದರೆ 'ಇಂಥ ಕೆಲಸ ಮಾಡಿದರೆ ಹಾನಿ' ಎಂಬ ಪಟ್ಟಿಯೊಂದು ಅವನ ಕೈಗೆ ಬರುತ್ತದೆ. ಅದರಲ್ಲಿರುವ ಕೆಲಸ ಮಾಡಬೇಕಾದರೆ ಮೊದಲು ಒಪ್ಪಿಗೆ ಕೇಳಬೇಕು. ಇಂಗ್ಲೆಂಡಿನಲ್ಲಿ ನ್ಯಾಚುರಲ್ ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿ ನೇಚರ್‌ಸ್ಕಾಟ್, ವೇಲ್ಸಿನಲ್ಲಿ ನ್ಯಾಚುರಲ್ ರಿಸೋರ್ಸಸ್ ವೇಲ್ಸ್ ಎಂಬ ಸರ್ಕಾರಿ ಸಂಸ್ಥೆಯಿಂದ. ಇಂಗ್ಲೆಂಡಿನಲ್ಲಿ ಜಾಗ ರಕ್ಷಿತ ಅಂತ ನೋಟಿಸ್ ಕೊಟ್ಟ 9 ತಿಂಗಳೊಳಗೆ ಅದನ್ನು ಖಾಯಂ ಮಾಡದಿದ್ದರೆ ನೋಟಿಸೇ ಬಿದ್ದುಹೋಗುತ್ತದೆ. ನೋಟಿಸು ತಲೆಯ ಮೇಲೆ ವರ್ಷಗಟ್ಟಲೆ ತೂಗಾಡುವುದನ್ನು ಕಂಡವರಿಗೆ ಈ ಗಡುವಿನ ಬೆಲೆ ಗೊತ್ತಾಗುತ್ತದೆ.

ಈಗ ಅಪ್ಪಯ್ಯನ ಪ್ರಶ್ನೆ. ಇದು ನಿಮಗೆ, ನಿಮ್ಮ ಮಕ್ಕಳಿಗೆ ನೇರ ಸಂಬಂಧಪಟ್ಟದ್ದು. ರಕ್ಷಿತ ಜಾಗದ ಕಲ್ಲನ್ನು ಬೇಕಂತಲೇ ಆಗಲಿ, ಪರಿವೆಯಿಲ್ಲದೆ ಆಗಲಿ ಹಾಳು ಮಾಡಿದರೆ ಮಾಲೀಕನಷ್ಟೇ ಅಲ್ಲ, ದಾರಿಹೋಕನೂ ಅಪರಾಧಿ. ರಕ್ಷಿತ ಜಾಗ ಅಂತ ಗೊತ್ತಿದ್ದೂ ಮಾಡಿದರೆ ದಂಡಕ್ಕೆ ಇಂಗ್ಲೆಂಡಿನಲ್ಲಿ ಮೇಲ್ಮಿತಿ ಇಲ್ಲ. ಮೊದಲ ವರ್ಷ ನಾನು ಆನ್‌ಲೈನಿನಲ್ಲಿ ಸುತ್ತಿಗೆ ತರಿಸಿಕೊಂಡು ಜಂಬದಿಂದ ರೆನ್ಸ್ ನೆಸ್ಟಿಗೆ ಹೋಗಿದ್ದೆ. ಎರಡು ಏಟು ಹಾಕಿರಬೇಕು. ನಾಯಿ ಹಿಡಿದು ಬರುತ್ತಿದ್ದ ಹಿರಿಯರೊಬ್ಬರು ನಿಂತರು. ಬೈಯಲಿಲ್ಲ. "ಅದನ್ನ ಬ್ಯಾಗಿಗೆ ಹಾಕು. ಕೆಳಗೆ ಬಿದ್ದಿರೋದನ್ನ ನೋಡು" ಅಂದು ತಾವೇ ಬಗ್ಗಿ ಹವಳದ ಚೂರೊಂದನ್ನು ಹೆಕ್ಕಿಕೊಟ್ಟರು. ನಾಚಿಕೆಯಾಯಿತು. ಅಲ್ಲಿಯ ಕ್ರಮ ಅದೇ: ಬಂಡೆಗೆ ಸುತ್ತಿಗೆ ತಾಕಿಸಬಾರದು, ಬುಡದಲ್ಲಿ ಸಡಿಲವಾಗಿ ಬಿದ್ದ ಚೂರು ಮನೆಗೆ ಒಂದೆರಡು ಒಯ್ಯಬಹುದು. 1956ರಲ್ಲೇ ಭೂವಿಜ್ಞಾನದ ಕಾರಣಕ್ಕೆ ರಾಷ್ಟ್ರೀಯ ನಿಸರ್ಗಧಾಮವಾದ ಜಾಗ ಅದು. ಅಲ್ಲಿನ ಟ್ರೈಲೋಬೈಟಿಗೆ 'ಡಡ್ಲಿ ಬಗ್' ಅಂತಲೇ ಅಡ್ಡಹೆಸರು. ಊರಿನ ಹಳೆಯ ಲಾಂಛನದಲ್ಲೂ ಅದರ ಚಿತ್ರ ಇತ್ತು.

ಎಲ್ಲ ಕಡೆ ಇದೇ ರೀತಿ ಅಂದುಕೊಳ್ಳಬೇಡಿ. ಪಳೆಯುಳಿಕೆ ಸಾಮಾನ್ಯವಾಗಿ ಜಮೀನಿನ ಮಾಲೀಕನ ಸ್ವತ್ತು, ಕೇಳದೆ ತಂದರೆ ಕಳವು. ಸ್ಕಾಟ್ಲೆಂಡಿಗೆ 2008ರಿಂದ ಬೇರೆಯದೇ ಫಾಸಿಲ್ ಕೋಡ್ ಇದೆ. ಹೊರಡುವ ಮೊದಲು 'ಮ್ಯಾಜಿಕ್' ಎಂಬ ಸರ್ಕಾರಿ ನಕ್ಷೆ ತೆರೆದು ಆ ಜಾಗ ಟ್ರಿಪಲ್ ಎಸ್ ಐ ಹೌದೋ ಅಲ್ಲವೋ ನೋಡಿ. ಎರಡು ನಿಮಿಷದ ಕೆಲಸ.

ಇನ್ನು ಜಿಯೋಪಾರ್ಕ್ ಮಾಡುವುದು ಹೇಗೆ? ಮೇಲಿನಿಂದ ಆದೇಶ ಬರುವುದಿಲ್ಲ, ಊರಿನವರೇ ಶುರು ಮಾಡಬೇಕು. ಕಾನೂನಿನ ಪ್ರಕಾರ ನೋಂದಾಯಿಸಿದ ಒಂದು ಸಂಸ್ಥೆ, ಸ್ಪಷ್ಟ ಗಡಿ, ಜಗತ್ತಿಗೇ ಮುಖ್ಯವಾದ ಕಲ್ಲು, ನಿರ್ವಹಣೆಯ ಯೋಜನೆ ಬೇಕು. ಕಡಿಮೆಯೆಂದರೆ ಒಂದು ವರ್ಷ ಬಿರುದಿಲ್ಲದೆಯೇ ಜಿಯೋಪಾರ್ಕ್ ಹಾಗೆ ನಡೆದು ತೋರಿಸಬೇಕು. ಅರ್ಜಿ ಅಕ್ಟೋಬರ್ 1ರಿಂದ ನವೆಂಬರ್ 30ರೊಳಗೆ. ಸಿಕ್ಕ ಮೇಲೂ ನಿದ್ದೆ ಹೊಡೆಯುವಂತಿಲ್ಲ. 4 ವರ್ಷಕ್ಕೊಮ್ಮೆ ತಪಾಸಣೆ. ಹಸಿರು ಕಾರ್ಡ್ ಬಂದರೆ ಇನ್ನೂ 4 ವರ್ಷ, ಹಳದಿ ಬಂದರೆ ಸರಿಮಾಡಿಕೊಳ್ಳಲು 2 ವರ್ಷ, ಕೆಂಪು ಬಂದರೆ ಬೋರ್ಡ್ ಇಳಿಸಬೇಕು. ಆ ಸಂಸ್ಥೆ ಪಳೆಯುಳಿಕೆ ಮಾರುವಂತಿಲ್ಲ, ಮಾರಾಟಕ್ಕೆ ಕೈಜೋಡಿಸುವಂತೆಯೂ ಇಲ್ಲ.

"ನಮ್ಮಲ್ಲಿ ಇಂಥ ಹುಳು ಯಾಕೆ ಸಿಗಲ್ಲ?" ಅಂತ ಪಕ್ಕದ ಮನೆಯವರು ಮತ್ತೆ ಕೇಳಿದರು. ನಮ್ಮ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಆಗ ಹುಳುವೇ ಹುಟ್ಟಿರಲಿಲ್ಲ ಅಂದೆ. ಕುಂಸಿ ಕಡೆಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುರುತು ಇದೆ, ಅಷ್ಟೇ. ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ಇಲ್ಲಿನ ಹಳೆಯ ಬಂಡೆಗಳ ಪಟ್ಟಿಗೆ 'ಶಿಮೊಗ ಬೆಲ್ಟ್' ಅಂತ ನಮ್ಮ ಜಿಲ್ಲೆಯ ಹೆಸರಿದೆ ಅಂದಾಗ ಅವರು ನಂಬಲಿಲ್ಲ. ಭಾರತದಲ್ಲೂ ಇಂಥ ಜಾಗಗಳ ರಕ್ಷಣೆಗೆ 2022ರ ಡಿಸೆಂಬರಿನಲ್ಲಿ ಒಂದು ಕರಡು ಮಸೂದೆ ಹೊರಬಂದಿತ್ತು ಅಂದೆ. "ಮತ್ತೆ ನೋಟಿಸಾ?" ಅಂದರು.

ಮಗನ ಕಲ್ಲು ಈಗ ಅಪ್ಪಯ್ಯನ ಕವಳದ ಬಟ್ಟಲಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಕೂತಿದೆ. ಅದೂ ಸುಣ್ಣದ ಕಲ್ಲೇ ಅಂತ ಹೇಳಿದ್ದೇನೆ. ಕೆರೆದು ಎಲೆಗೆ ಹಚ್ಚಬೇಡಿ ಅಂತಲೂ ಹೇಳಿದ್ದೇನೆ.